ಬದಿಗೆ ನಿಂತವರು

ಏಪ್ರಿಲ್ 28, 2021, ಬುಧವಾರ

ಗೊಬ್ಬರದ ಕಂಪೆನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇವತ್ತಿನವರೆಗೆ ಖಾಲಿ ಬಿದ್ದಿತ್ತು. ಮತ್ತೆ ಲಾಕ್‌ಡೌನ್ ಶುರುವಾಗಿದೆ, ಬರೆಯಲು ಒಂದು ನೆಪವೂ ಸಿಕ್ಕಿದೆ. ಪತ್ರಿಕೆಗೆ ಒಂದು ಪತ್ರ ಬರೆಯಬೇಕು, ಅದಕ್ಕೆ ಟಿಪ್ಪಣಿ ಬೇಕು. ವಿಷಯ: ಇಂಥ ರೋಗದ ಕಾಲದಲ್ಲಿ ಸರ್ಕಾರಗಳು ಜನರ ಜೊತೆ ಹೇಗೆ ಮಾತಾಡುತ್ತವೆ. ನಮ್ಮದು ಹೇಗೆ, ಕುಟ್ಟದ ಗೇಟು ದಾಟಿದರೆ ಸಿಗುವ ಕೇರಳದ್ದು ಹೇಗೆ.

ನನ್ನ ಪತ್ರಗಳು ಇದುವರೆಗೆ ಮೂರು ಸಲ ಅಚ್ಚಾಗಿವೆ. ಆನೆ ಕಂದಕ, ಸಿದ್ದಾಪುರ–ವಿರಾಜಪೇಟೆ ಬಸ್ಸಿನ ಸಮಯ, ಪಶು ಆಸ್ಪತ್ರೆಯಲ್ಲಿ ವೈದ್ಯರಿಲ್ಲದ್ದು. ಮೂರನ್ನೂ ಕತ್ತರಿಸಿ ಫೈಲಿನಲ್ಲಿಟ್ಟಿದ್ದೇನೆ. ಕಾವ್ಯಶ್ರೀ ನಗುತ್ತಾಳೆ. ಹೆಂಡತಿಯಾದವಳು ನಗದೆ ಇನ್ಯಾರು ನಗಬೇಕು, ನಗಲಿ.

ಕಾಫಿ ತೋಟದ ಕೆಲಸಕ್ಕೆ ವಿನಾಯಿತಿ ಇರುವುದರಿಂದ ಬೆಳಗ್ಗೆ ಎಂದಿನಂತೆ ಮಸ್ಟರ್ ನಡೆಯಿತು. ತೋಟದವರೇ ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಗಳ ಅರವತ್ತೆರಡು ಜನ ಗೋಡೌನಿನ ಮುಂದೆ ಸಾಲಾಗಿ ನಿಂತರು, ಹೆಸರು ಕರೆದೆ. ತಡವಾಗಿ ಬಂದ ಇಬ್ಬರನ್ನು ಬದಿಗೆ ನಿಲ್ಲಿಸಿದೆ. ಬದಿಗೆ ಎಂದರೆ ಸಿಲ್ವರ್ ಓಕ್ ಮರದ ಕೆಳಗೆ. ಅಲ್ಲಿ ನಿಂತವರಿಗೆ ಅಂದು ಕೆಲಸವಿಲ್ಲ. ಮಿಕ್ಕವರ ಹೆಸರು ಮುಗಿಯುವವರೆಗೂ ಎಲ್ಲರ ಕಣ್ಣೆದುರು ನಿಂತಿದ್ದು, ಆಮೇಲೆ ಮನೆಗೆ ಹೋಗಬೇಕು. ತಿಂಗಳಲ್ಲಿ ಮೂರು ಸಲ ನಿಂತವರು ಲೈನ್ ಮನೆಯನ್ನೇ ಬಿಡಬೇಕು. ಇದು ನಾನು ಇಲ್ಲಿ ಆಳುಗಳ ಲೆಕ್ಕ ನೋಡುವ ರೈಟರ್ ಆಗಿ ಬರುವುದಕ್ಕೂ ಮುಂಚಿನ ರೂಢಿ. ಈ ತೋಟದಲ್ಲಿ ಶಿಸ್ತು ಉಳಿದಿದ್ದರೆ ಅದರಿಂದಲೇ.

ಮಧ್ಯಾಹ್ನ ಪಂಚಾಯಿತಿಯ ಪಿಡಿಒ ಚೇತನ್‌ಕುಮಾರ್ ಫೋನ್ ಮಾಡಿದ್ದರು. ಕೊರೊನಾ ಕಾರ್ಯಪಡೆಗೆ ನನ್ನ ಹೆಸರು ಸೇರಿಸಿದ್ದಾರಂತೆ.

"ಧರ್ಮೇಶ್ ಅವ್ರೇ, ಸರ್ಕಾರ ಹೇಳೋದನ್ನ ಲೈನಿಗೆ ಮುಟ್ಟಿಸೋ ಜವಾಬ್ದಾರಿ ನಿಮ್ದು. ನೀವು ಹೇಳಿದ್ರೆ ಕೇಳ್ತಾರೆ" ಎಂದರು.

ಕೇಳುತ್ತಾರೆ, ಅದರಲ್ಲಿ ಸಂಶಯವಿಲ್ಲ. ನಾನು ಗೋಡೌನಿನ ಹತ್ತಿರ ಕೂಗಿದರೆ ಕೆರೆಯಾಚೆಗೂ ಕೇಳಿಸುತ್ತದೆ.

ಏಪ್ರಿಲ್ 30, ಶುಕ್ರವಾರ

ಬೆಳಗ್ಗೆ ಮೊಯ್ದು ಕಾಕನ ಅಂಗಡಿಗೆ ಹೋಗಿದ್ದೆ. ಕಾಕನ ಮನೆಯವರೆಲ್ಲ ವಯನಾಡಿನ ಕಡೆಯವರು. ಕೌಂಟರಿನ ಮೇಲೆ ಬೆಲ್ಲದ ಡಬ್ಬಕ್ಕೆ ಮೊಬೈಲ್ ಒರಗಿಸಿಟ್ಟು ಕೇರಳದ ಹಿಂದಿನ ಸಂಜೆಯ ಪತ್ರಿಕಾಗೋಷ್ಠಿ ನೋಡುತ್ತಿದ್ದ.

"ಇದು ನೋಡಿ ರೈಟ್ರೆ. ಎಷ್ಟು ಜನಕ್ಕೆ ಬಂತು, ಎಲ್ಲಿ ಬೆಡ್ ಉಂಟು, ನಾಳೆ ಏನು ಉಂಟು ಏನು ಇಲ್ಲ, ಎಲ್ಲಾ ಹೇಳ್ತಾರೆ. ನನ್ನ ಉಮ್ಮ ಮಾನಂದವಾಡಿಯಲ್ಲಿ ಕೂತು ಕೇಳ್ತಾಳೆ, ಇಲ್ಲಿ ನಾನು ಕೇಳ್ತೇನೆ. ಬೊಬ್ಬೆ ಇಲ್ಲ, ಬೈಯೋದಿಲ್ಲ. ಅಲ್ಲಿ ಎಲ್ಲಾ ಸರಿ ಉಂಟು ಅಂತ ನಾನು ಹೇಳೋದಿಲ್ಲ. ಆದ್ರೆ ಹೇಳೋದು ಕೇಳಿ ಉಮ್ಮನಿಗೆ ನಿದ್ದೆ ಬರ್ತದೆ."

ಟಿಪ್ಪಣಿ ಮಾಡಿಕೊಂಡೆ. ಅಲ್ಲಿ ದಿನಾ ಸಂಜೆ, ಅದೇ ಹೊತ್ತಿಗೆ, ಅದೇ ಮನುಷ್ಯರು, ಅದೇ ದನಿ. ಇಲ್ಲಿ ನಿನ್ನೆ ಒಂದೇ ದಿನ ನನ್ನ ವಾಟ್ಸಾಪಿಗೆ ನಾಲ್ಕು ಆದೇಶ. ಮೊದಲನೆಯದನ್ನು ಎರಡನೆಯದು ಭಾಗಶಃ ಮಾರ್ಪಡಿಸುತ್ತದೆ, ಎರಡನೆಯದಕ್ಕೆ ಮೂರನೆಯದು ಸ್ಪಷ್ಟೀಕರಣ, ನಾಲ್ಕನೆಯದು ತೆರೆಯುವುದೇ ಇಲ್ಲ. ಟಿ.ವಿ. ಹಾಕಿದರೆ ಕೆಂಪು ಅಕ್ಷರ, ಸೈರನ್ನು. ಹೇಳುವವರಿಗೆ ಹೇಳಲು ಬರುವುದಿಲ್ಲ ಅಂದಮೇಲೆ ಕೇಳುವವರನ್ನು ಬೈದು ಏನು ಪ್ರಯೋಜನ? ಈ ವಾಕ್ಯ ಚೆನ್ನಾಗಿದೆ, ಪತ್ರಕ್ಕೆ ಬಳಸಬೇಕು.

ಮೇ 3, ಸೋಮವಾರ

ಇವತ್ತು ನನ್ನ ಮೊದಲ ಪ್ರಕಟಣೆ. ಹೆಸರು ಕರೆದು ಮುಗಿಸಿ ಗೋಡೌನಿನ ಮೆಟ್ಟಿಲ ಮೇಲೆ ನಿಂತೆ. ಪಂಚಾಯಿತಿಯ ಸುತ್ತೋಲೆಯಲ್ಲಿ ಇದ್ದದ್ದು ಇಷ್ಟೇ: ಜ್ವರ, ಕೆಮ್ಮು ಕಂಡುಬಂದಲ್ಲಿ ಆಶಾ ಕಾರ್ಯಕರ್ತೆಗೆ ತಿಳಿಸುವುದು, ಚಿಕಿತ್ಸೆ ಉಚಿತ. ಹೀಗೆ ಸಪ್ಪೆಯಾಗಿ ಹೇಳಿದರೆ ಇವರ ಕಿವಿಗೆ ಹೋಗುತ್ತದೆಯೇ? ಸ್ವಲ್ಪ ಖಾರ ಸೇರಿಸಿದೆ.

"ಕೇಳ್ರಪ್ಪಾ, ಸರ್ಕಾರದ ಆರ್ಡರ್ ಬಂದಿದೆ. ಜ್ವರ ಮುಚ್ಚಿಟ್ಟೋರ ಮೇಲೆ ಕೇಸು. ಆಂಬುಲೆನ್ಸ್ ಬಂದು ಎತ್ತಾಕ್ಕೊಂಡು ಹೋಗುತ್ತೆ, ಮನೆಗೆ ಬೀಗ ಬೀಳುತ್ತೆ. ಆಮೇಲೆ ನನ್ನ ಕಾಲಿಗೆ ಬೀಳ್ಬೇಡಿ. ಜ್ವರ, ಕೆಮ್ಮು ಇರೋರು ಈಗ್ಲೇ ಬದಿಗೆ ನಿಲ್ಲಿ!"

ಯಾರೂ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಹೇಳಿದೆ. ಒಂದು ನರಪಿಳ್ಳೆಯೂ ಸಾಲು ಬಿಡಲಿಲ್ಲ. ಅರ್ಧಕ್ಕರ್ಧ ಜನ ಎರವ ಬುಡಕಟ್ಟಿನವರು, ಅವರ ಮಾತೇ ಬೇರೆ. ಆದರೆ ಕನ್ನಡ ಅರ್ಥವಾಗದಷ್ಟು ದಡ್ಡರೇನಲ್ಲ. ಚೇತನ್‌ಕುಮಾರ್‌ಗೆ ಮೆಸೇಜ್ ಹಾಕಿದೆ: ಲಕ್ಷಣ ಇರುವವರು ಶೂನ್ಯ. ಅವರು ಕೈಮುಗಿಯುವ ಚಿತ್ರ ಕಳಿಸಿದರು.

ಚಿಕಿತ್ಸೆ ಉಚಿತ ಅನ್ನುವುದನ್ನು ಹೇಳಲು ಮರೆತೆ. ಇನ್ನೊಂದು ದಿನ ಹೇಳಿದರಾಯಿತು.

ಮೇ 6, ಗುರುವಾರ

ಆಶಾ ಕಾರ್ಯಕರ್ತೆ ಶೋಭಿತಾ ಬಂದಿದ್ದಳು. ಸ್ಕೂಟಿಯಿಂದ ಇಳಿಯುವ ಮೊದಲೇ ಶುರು ಮಾಡಿದಳು.

"ಧರ್ಮೇಶಣ್ಣ, ಅರವತ್ತೆರಡು ಜನದಲ್ಲಿ ಒಬ್ರಿಗೂ ಒಂದು ಕೆಮ್ಮಿಲ್ವಾ? ಪಕ್ಕದ ಎಸ್ಟೇಟಲ್ಲಿ ಒಂಬತ್ತು ಜನಕ್ಕೆ ಬಂದಿದೆ."

"ಮಸ್ಟರಲ್ಲಿ ಎರಡು ಸಲ ಕೇಳಿದ್ದೀನಿ ಕಣಮ್ಮ. ಇದ್ರೆ ಹೇಳ್ತಿರ್ಲಿಲ್ವಾ?"

"ನನ್ ಜೊತೆ ಒಂದ್ಸಲ ಮನೆ ಮನೆಗೆ ಬನ್ನಿ. ಕೂತು ಮಾತಾಡೋಣ."

ನನಗೆ ಬೇರೆ ಕೆಲಸವಿಲ್ಲವೇ? ಮಳೆಗಾಲಕ್ಕೆ ಮುಂಚೆ ಮೆಣಸಿನ ಬಳ್ಳಿಗೆಲ್ಲ ಬೋರ್ಡೋ ಔಷಧಿಯ ಸಿಂಪಡಣೆ ಮುಗಿಯಬೇಕು. ಸಿಂಪಡಣೆಯವನು ಮಾರ ಎರಡು ದಿನದಿಂದ ಒಂದು ಥರ ಮಂಕಾಗಿದ್ದಾನೆ. ಅವನ ಹೆಂಡತಿ ಲಿಂಗಿ ನಲ್ಲಿಯ ಹತ್ತಿರ ಸೆರಗಿಗೆ ಬಾಯಿಟ್ಟುಕೊಂಡು ಕೆಮ್ಮುತ್ತಿದ್ದಳು. ಏನೇ ಅಂದೆ. "ಒಲೆ ಹೊಗೆ ಸಾಮಿ" ಅಂದಳು. ಹೊಗೆ ಇರಬೇಕು. ಇವರ ಮನೆಗಳಲ್ಲಿ ಸೌದೆ ಹಸಿ ಇರುತ್ತದೆ.

ಮೇ 8, ಶನಿವಾರ

ಪತ್ರ ಮುಗಿಯಿತು. ಕಾವ್ಯಶ್ರೀಯನ್ನು ಅಡುಗೆಮನೆಯಿಂದ ಕರೆದು ಕೂರಿಸಿ ಓದಿದೆ. ಮುಖ್ಯ ಭಾಗ ಹೀಗಿದೆ:

"ನೆರೆ ರಾಜ್ಯದಲ್ಲಿ ಆಡಳಿತ ನಡೆಸುವವರು ದಿನವೂ ಜನರ ಮುಂದೆ ಕುಳಿತು, ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಹೇಳುತ್ತಾರೆ. ನಮ್ಮಲ್ಲಿ ಎಚ್ಚರಿಕೆ ಮಾತ್ರ ಬರುತ್ತದೆ, ವಿವರ ಬರುವುದಿಲ್ಲ. ಹೆದರಿಸಿ ಹೇಳಿದ ಮಾತನ್ನು ಜನ ಪಾಲಿಸುವುದಿಲ್ಲ, ಹೇಳಿದವರಿಂದ ಅಡಗಿಕೊಳ್ಳುತ್ತಾರೆ."

ಕಾವ್ಯಶ್ರೀ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟು ಕೇಳಿಸಿಕೊಂಡಳು. "ಚೆನ್ನಾಗಿದೆ ರೀ. ಸೋಮವಾರ ನೀವು ಮಸ್ಟರಲ್ಲಿ ಕೂಗಿದ್ದು ಇಲ್ಲೀತನಕ ಕೇಳಿಸ್ತು. ಅನುಶ್ರೀ ಹೆದರ್ಕೊಂಡು ಬಾಗಿಲು ಹಾಕ್ಬಿಟ್ಟಿದ್ಲು" ಅಂದಳು.

ಮಗಳು ಇನ್ನೂ ಚಿಕ್ಕವಳು, ಮಕ್ಕಳು ಎಲ್ಲಕ್ಕೂ ಹೆದರುತ್ತಾರೆ. ಪತ್ರವನ್ನು ಪತ್ರಿಕೆಗೆ ಇಮೇಲ್ ಮಾಡಿದೆ.

ಮೇ 12, ಬುಧವಾರ

ಎರಡು ದಿನದಿಂದ ಲಿಂಗಿ ಮಸ್ಟರಿಗೆ ಬಂದಿಲ್ಲ. ಅವಳ ಹೆಸರು ಕರೆಯುವಾಗ ಕೊನೆಯ ಅಕ್ಷರ ಮುಗಿಯುವ ಮೊದಲೇ "ಇದ್ದೀನೀ" ಅನ್ನುವವಳು. ಮಾರನನ್ನು ಕೇಳಿದೆ. ನೆಲ ನೋಡುತ್ತಾ "ತವರಿಗೆ ಹೋಗವ್ಳೆ, ತಿತಿಮತಿ ಹಾಡಿಗೆ" ಅಂದ. ಕೆಲಸದ ಹೊತ್ತಿನಲ್ಲೇ ಇವರಿಗೆ ತವರು ನೆನಪಾಗುವುದು. ಬಂದ ಮೇಲೆ ಬದಿಗೆ ನಿಲ್ಲಿಸುತ್ತೇನೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಪತ್ರಿಕೆಯಿಂದ ಇನ್ನೂ ಸುದ್ದಿಯಿಲ್ಲ.

ಮೇ 14, ಶುಕ್ರವಾರ

ಏನಾಯಿತೋ ಹಾಗೇ ಬರೆಯುತ್ತೇನೆ.

ಹತ್ತು ಗಂಟೆಗೆ ಶೋಭಿತಾ ಓಡಿಬಂದಳು. "ಅಣ್ಣ, ಕೆರೆ ಹತ್ರದ ಪಂಪ್‌ಹೌಸ್ ಬೀಗದ ಕೈ ಯಾರತ್ರ ಇದೆ?" ಸಿಂಪಡಣೆಯ ಔಷಧಿ ಅಲ್ಲೇ ಕಲಸುವುದರಿಂದ ಕೀಲಿ ಮಾರನ ಹತ್ತಿರ ಇರುತ್ತದೆ. ಲೈನಿನ ಹಿರಿಯಳು ಕಾಳಮ್ಮ ಮೂರು ದಿನದಿಂದ ಗಂಜಿಯ ತಂಬಿಗೆ ಹಿಡಿದು ಆ ಕಡೆ ಹೋಗುತ್ತಿದ್ದಳಂತೆ. ಶೋಭಿತಾ ಅದನ್ನು ಕಂಡು ಒತ್ತಾಯ ಮಾಡಿ ಕೇಳಿದ್ದಾಳೆ.

ಬಾಗಿಲಿಗೆ ಬೀಗ ಇರಲಿಲ್ಲ, ಒಳಗಿಂದ ಕಲ್ಲು ಇಟ್ಟಿದ್ದರು. ತಳ್ಳಿದೆವು. ಸುಣ್ಣದ ಚೀಲಗಳ ಪಕ್ಕ ಗೋಣಿ ಹಾಸಿಕೊಂಡು ಲಿಂಗಿ ಮಲಗಿದ್ದಳು. ಉಸಿರು ಎಳೆಯುವಾಗ ಭುಜ ಎರಡೂ ಮೇಲೇಳುತ್ತಿದ್ದವು. ಶೋಭಿತಾ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು ಹಾಕಿ ನೋಡಿದಳು. ಎಪ್ಪತ್ತೊಂದು. ಎಷ್ಟಿರಬೇಕು ಎಂದು ನಾನು ಕೇಳಿದೆ. ತೊಂಬತ್ತೈದು ಅಂದಳು.

ಲಿಂಗಿ ನನ್ನನ್ನು ನೋಡಿ ಎದ್ದು ನಿಲ್ಲಲು ಹೊರಟಳು. ಗೋಡೆ ಹಿಡಿದು, ಆ ಸ್ಥಿತಿಯಲ್ಲಿ. "ಬರ್ತೀನಿ ಸಾಮಿ, ನಾಳೆ ಕೆಲ್ಸಕ್ಕೆ ಬರ್ತೀನಿ" ಅಂದಳು.

ಆಂಬುಲೆನ್ಸ್ ಬರಲು ಒಂದೂವರೆ ಗಂಟೆ ಹಿಡಿಯಿತು. ಸುದ್ದಿ ಕೇಳಿ ಬಂದ ಮಾರ ಅಷ್ಟೂ ಹೊತ್ತು ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಅವನ ಮೇಲೆ ರೇಗಿದೆ. ಯಾಕೋ ಬಚ್ಚಿಟ್ಟೆ, ತವರಿಗೆ ಹೋಗಿದ್ದಾಳೆ ಅಂತ ಸುಳ್ಳು ಬೇರೆ ಹೇಳಿದೆ ಎಂದೆಲ್ಲ. ಲಾಕ್‌ಡೌನಿನಲ್ಲಿ ಬಸ್ಸೇ ಇಲ್ಲ ಅನ್ನುವುದು ಅವತ್ತು ನನಗೂ ಹೊಳೆದಿರಲಿಲ್ಲ. ಅವನು ದನಿ ಏರಿಸಲಿಲ್ಲ.

"ನೀವೇ ಅಲ್ವಾ ಹೇಳಿದ್ದು, ಜ್ವರ ಇರೋರು ಬದಿಗೆ ನಿಲ್ಲಿ ಅಂತ. ಇವ್ಳು ಈ ತಿಂಗ್ಳು ಎರಡು ಸಲ ನಿಂತವ್ಳೆ. ಇನ್ನೊಂದ್ಸಲ ನಿಂತ್ರೆ ಮನೆ ಇಲ್ಲ. ಆಸ್ಪತ್ರೆಗೆ ಹೋದ್ರೂ ಮನೆಗೆ ಬೀಗ ಅಂದ್ರಿ. ಎಲ್ಲಿಗೆ ಹೋಗೋದು ಸಾಮಿ?"

ಎರಡು ಸಲ ನಿಲ್ಲಿಸಿದ್ದು ನನಗೆ ನೆನಪೂ ಇರಲಿಲ್ಲ. ಒಂದು ಸಲ ಕೆಲಸಕ್ಕೆ ಐದು ನಿಮಿಷ ತಡವಾಗಿದ್ದಕ್ಕೆ. ಇನ್ನೊಂದು ಸಲ ಯಾಕೆ ಎಂದು ಈಗಲೂ ನೆನಪಾಗುತ್ತಿಲ್ಲ.

ಮೇ 15, ಶನಿವಾರ

ಲಿಂಗಿ ಮಡಿಕೇರಿಯ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದಾಳೆ. ಅನುಶ್ರೀ ಹುಟ್ಟಿದಾಗ ನಲವತ್ತು ದಿನ ಮಗುವಿಗೆ ಎಣ್ಣೆನೀರು ಹಾಕಿದವಳು ಅವಳೇ. ಕಾವ್ಯಶ್ರೀ ಬೆಳಗ್ಗಿನಿಂದ ನನ್ನ ಜೊತೆ ಮಾತಾಡಿಲ್ಲ.

ಮೇ 17, ಸೋಮವಾರ

ಪತ್ರ ಅಚ್ಚಾಗಿದೆ. ಮೇಲಿನ ಅಂಚಿನಲ್ಲಿ, ಚೌಕಟ್ಟು ಹಾಕಿ.

ತೋಟದ ಮಾಲೀಕರು ಪೊನ್ನಪ್ಪನವರು ಗೋಣಿಕೊಪ್ಪಲಿನ ಮನೆಯಿಂದ ಫೋನ್ ಮಾಡಿದರು. "ಏನ್ ಮಾರಾಯ, ಭಾರಿ ಬರ್ದಿದ್ದೀಯಲ್ಲಾ! ಗವರ್ಮೆಂಟಿಗೆ ಸರಿಯಾಗಿ ಕೊಟ್ಟಿದ್ದೀಯ. ಹೆದರಿಸಿದ್ರೆ ಜನ ಅಡಗಿಕೊಳ್ತಾರೆ, ಎಂಥ ಮಾತು!" ನಾನು ಥ್ಯಾಂಕ್ಸ್ ಸಾರ್ ಅಂದೆ. ನಾಲಿಗೆ ಹೇಗೆ ಹೊರಳಿತೋ ಗೊತ್ತಿಲ್ಲ. ಲಿಂಗಿಯ ವಿಷಯ ಎತ್ತಿದರೆ "ಹೌದಂತೆ, ಪಾಪ" ಅಂದರು. ಲೈನಿನಲ್ಲಿ ಯಾರಿಗೆ ಜ್ವರ ಬಂದರೂ ಮನೆ ಬಿಡಿಸುವುದಿಲ್ಲ ಎಂದು ನಾನು ಹೇಳಲೇ ಎಂದು ಕೇಳಿದೆ. "ಅದನ್ಯಾರು ಬಿಡಿಸ್ತಾರೆ? ಹೇಳು ಹೇಳು" ಅಂದರು. ಅಷ್ಟೇ. ಹದಿನೈದು ದಿನ ಮೊದಲು ಕೇಳಿದ್ದರೂ ಅಷ್ಟೇ ಹೇಳುತ್ತಿದ್ದರು. ಕೇಳಲು ಅರ್ಧ ನಿಮಿಷ ಸಾಕಿತ್ತು, ನಾನು ಕೇಳಲಿಲ್ಲ.

ಚೇತನ್‌ಕುಮಾರ್ ಪತ್ರವನ್ನು ಗ್ರೂಪಿಗೆ ಹಾಕಿದ್ದಾರೆ. ಮೊಯ್ದು ಕಾಕ ಒಂದು ಪ್ರತಿ ಎತ್ತಿಟ್ಟಿದ್ದ. ಓದಿ ಮಡಚಿಕೊಡುತ್ತಾ, "ಎರಡು ಸರ್ಕಾರದ್ದು ಬರ್ದಿದ್ದೀರಿ. ಲೈನಲ್ಲಿ ಉಂಟಲ್ಲ, ಅದು ಯಾವ ಸರ್ಕಾರ ರೈಟ್ರೆ?" ಅಂದ. ತಮಾಷೆಗೇ ಅಂದದ್ದು, ಆಮೇಲೆ ಟೀಪುಡಿ ಕಟ್ಟಿಕೊಟ್ಟ. ನಾನು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಬಂದೆ.

ನನಗೆ ನಾಚಿಕೆಯಾಗುತ್ತಿದೆ. ಬರೆದಿಡಬೇಕಾದ ಮಾತು ಇದೊಂದೇ.

ಮೇ 18, ಮಂಗಳವಾರ

ಶೋಭಿತಾಳ ಜೊತೆ ಲೈನಿಗೆ ಹೋದೆ. ಅವಳು ಬಾಗಿಲು ತಟ್ಟಿದರೆ ತೆರೆಯುತ್ತಾರೆ, ಹಿಂದೆ ನನ್ನನ್ನು ಕಂಡು ಮತ್ತೆ ಅರ್ಧ ಮುಚ್ಚುತ್ತಾರೆ. ಮೂರು ಮನೆಯಾದ ಮೇಲೆ ಅವಳೇ ಮೆಲ್ಲಗೆ, "ಅಣ್ಣ, ನೀವು ಆ ಕಟ್ಟೆ ಮೇಲೆ ಕೂತಿರಿ" ಅಂದಳು. ಕೂತೆ. ಒಳಗೆ ಅವಳು ಎರವ ಮಾತಿನಲ್ಲಿ ನಗುತ್ತಾ ಕೇಳುವುದು ಕೇಳಿಸುತ್ತಿತ್ತು. ಎರಡು ವರ್ಷದಲ್ಲಿ ಕಲಿತಿದ್ದಾಳೆ. ಹದಿನೇಳು ವರ್ಷದಲ್ಲಿ ನಾನು ಕಲಿತದ್ದು ಬೇಗ ಬಾ, ಎತ್ತು, ಇಳಿಸು, ಮತ್ತೆ ಬೈಗುಳ.

ಯಾರಿಗೂ ಏನೂ ಇಲ್ಲ ಎಂದೇ ಎಲ್ಲರೂ ಹೇಳಿದರಂತೆ. ಅವಳು ನಂಬಲಿಲ್ಲ. ನಾನೂ.

ಮೇ 20, ಗುರುವಾರ

ನಿನ್ನೆ ಮಧ್ಯಾಹ್ನ ಲಿಂಗಿ ತೀರಿಕೊಂಡಳು. ಇಲ್ಲಿಗೆ ತರಲು ಬಿಡುವುದಿಲ್ಲ. ಅಲ್ಲೇ ಸ್ವಯಂಸೇವಕರು ಮಣ್ಣು ಮಾಡಿದರು. ಮಾರನನ್ನು ಜೀಪಿನಲ್ಲಿ ಕರೆದುಕೊಂಡು ಹೋಗಿದ್ದೆ. ದೂರದಿಂದ ನೋಡಿದ.

ಬರುವಾಗ ಸಿದ್ದಾಪುರದ ಹತ್ತಿರ ನಾನು ತಪ್ಪಾಯ್ತು ಮಾರ ಅಂದೆ. ಅವನು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. "ಗೇಟ್ ಹತ್ರ ಇಳಿಸಿ" ಅಂದ.

ಮೇ 22, ಶನಿವಾರ

ಗುರುವಾರ ಸಂಜೆಯಿಂದ ಮೈ ಬಿಸಿ. ಬಿಸಿಲಿಗೆ ಇರಬೇಕು. ಎರಡು ಮಾತ್ರೆ ನುಂಗಿ ಮಸ್ಟರಿಗೆ ಹೋದೆ, ಮಾಸ್ಕಿನೊಳಗೇ ಕೆಮ್ಮಿಕೊಂಡೆ. ಕಾವ್ಯಶ್ರೀ ಕೇಳಿದಳು. ಗಂಟಲಲ್ಲಿ ಧೂಳು ಅಂದೆ.

ಮೇ 23, ಭಾನುವಾರ

ಇವತ್ತು ರಜೆ. ಬಚ್ಚಲಮನೆಯಲ್ಲಿ ಸೋಪಿನ ವಾಸನೆ ಬರಲಿಲ್ಲ. ಅಲ್ಲೇ ಬಕೆಟಿನ ಪಕ್ಕ ಕೂತುಬಿಟ್ಟೆ.

ಇಪ್ಪತ್ತೈದು ದಿನದಿಂದ ಆದೇಶಗಳನ್ನು ಓದುತ್ತಿರುವವನು ನಾನು. ಚಿಕಿತ್ಸೆ ಉಚಿತ ಎಂದು ಗೊತ್ತು. ನನ್ನ ಕೆಲಸ ಹೋಗುವುದಿಲ್ಲ, ಮನೆಗೆ ಬೀಗ ಬೀಳುವುದಿಲ್ಲ ಎಂದೂ ಗೊತ್ತು. ಆದರೂ ಮುಚ್ಚಿಟ್ಟೆ. ಆಂಬುಲೆನ್ಸ್ ನಮ್ಮ ಬಾಗಿಲಿಗೆ ಬರುವುದನ್ನು ಲೈನಿನವರು ನೋಡುತ್ತಾರಲ್ಲ ಎಂಬ ಒಂದೇ ಸಂಕೋಚಕ್ಕೆ ಮುಚ್ಚಿಟ್ಟೆ. ಲಿಂಗಿಗೆ ಇದ್ದದ್ದು ಸಂಕೋಚವಲ್ಲ, ತಲೆಯ ಮೇಲಿನ ಸೂರು. ಅವಳು ಹೊಗೆ ಅಂದಳು, ನಾನು ಧೂಳು ಅಂದೆ.

ಕಾವ್ಯಶ್ರೀಗೆ ಬಾಗಿಲ ಆಚೆಯಿಂದಲೇ ಹೇಳಿದೆ. ಅವಳು ಬೈಯಲಿಲ್ಲ. ಅಳುತ್ತಾ ನನ್ನ ಹಾಸಿಗೆಯನ್ನು ಹೊರಗಿನ ಕೋಣೆಗೆ ಹಾಕಿದಳು.

ಮೇ 24, ಸೋಮವಾರ

ಕುಶಾಲನಗರದ ಕಡೆಯ ಒಂದು ಹಾಸ್ಟೆಲಿನಲ್ಲಿ ಕೂತು ಬರೆಯುತ್ತಿದ್ದೇನೆ. ಇದನ್ನೇ ಆರೈಕೆ ಕೇಂದ್ರ ಮಾಡಿದ್ದಾರೆ. ಕಿಟಕಿಯಿಂದ ಜೋಳದ ಹೊಲ ಕಾಣುತ್ತದೆ.

ಬೆಳಗ್ಗೆ ಮಸ್ಟರ್ ಪುಸ್ತಕವನ್ನು ಗೋಡೌನಿನ ಮೆಟ್ಟಿಲ ಮೇಲಿಟ್ಟು, ಎಲ್ಲರಿಂದ ದೂರವಾಗಿ ಹೋಗಿ ಸಿಲ್ವರ್ ಮರದ ಕೆಳಗೆ ನಿಂತೆ. ಸಾಲಿನಲ್ಲಿ ಗುಸುಗುಸು ಎದ್ದಿತು. ಹದಿನೇಳು ವರ್ಷ ಜನರನ್ನು ನಿಲ್ಲಿಸಿದ ಜಾಗ. ಅಲ್ಲಿಂದ ನೋಡಿದರೆ ಎಲ್ಲರ ಮುಖವೂ ಕಾಣುತ್ತದೆ, ಎಲ್ಲರಿಗೂ ನಮ್ಮ ಮುಖವೂ ಕಾಣುತ್ತದೆ.

"ನಂಗೆ ನಾಲ್ಕು ದಿನದಿಂದ ಜ್ವರ. ನಾನೂ ಮುಚ್ಚಿಟ್ಟಿದ್ದೆ" ಅಂದೆ. "ಕೇಸು ಇಲ್ಲ, ಬೀಗ ಇಲ್ಲ. ಅದು ಆರ್ಡರಲ್ಲಿ ಇರ್ಲಿಲ್ಲ, ನಾನೇ ಸೇರ್ಸಿ ಹೇಳಿದ್ದು. ಮನೆ ಯಾರೂ ಬಿಡಿಸಲ್ಲ, ಪೊನ್ನಪ್ಪನವ್ರು ಹೇಳಿದ್ದಾರೆ. ನೋಡ್ಕೊಳ್ಳೋದು ಬಿಟ್ಟಿ. ನನ್ ಜೊತೆ ಬನ್ನಿ."

ಕೆರೆಯಾಚೆಗೆ ಕೇಳಿಸುವ ಗಂಟಲು ಎರಡನೇ ಸಾಲಿಗೂ ಮುಟ್ಟಲಿಲ್ಲ. ಹಿಂದಿನವರು ಏನಂತೆ ಏನಂತೆ ಎನ್ನುತ್ತಿದ್ದರು. ಆಗ ಮಾರ ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದು, ಅವರ ಕಡೆ ತಿರುಗಿ, ಎರವ ಮಾತಿನಲ್ಲಿ ಹೇಳಿದ. ಸಣ್ಣ ದನಿ, ನಾಲ್ಕೇ ನಾಲ್ಕು ಮಾತು. ಮೊದಲು ಕಾಳಮ್ಮ ಬಂದಳು, ಮರದ ಕೆಳಗೆ, ನನ್ನಿಂದ ಮಾರು ದೂರದಲ್ಲಿ ನಿಂತಳು. ಆಮೇಲೆ ಇಬ್ಬರು ಹೆಂಗಸರು. ಆಮೇಲೆ ಒಬ್ಬೊಬ್ಬರಾಗಿ ಹನ್ನೊಂದು ಜನ.

ನನಗೆ ಅಳು ಬಂತು. ನಿಜ ಬರೆಯುವುದಾದರೆ, ಅಳುವಿನ ಜೊತೆ ಸ್ವಲ್ಪ ಹೆಮ್ಮೆಯೂ ಬಂತು. ಕೊನೆಗೂ ನನ್ನ ಮಾತು ಅವರಿಗೆ ಮುಟ್ಟಿತಲ್ಲ ಎಂದುಕೊಂಡೆ. ಈ ಬೆಂಚಿನ ಮೇಲೆ ಕೂತು, ಇದರ ಬಗ್ಗೆಯೂ ಪತ್ರಿಕೆಗೆ ಒಂದು ಪತ್ರ ಬರೆಯಬಹುದಲ್ಲ ಎಂದು ಮನಸ್ಸಿನಲ್ಲೇ ಮೊದಲ ವಾಕ್ಯ ಕೂಡ ಜೋಡಿಸಿದ್ದೆ.

ಈಗ ಸಂಜೆ ಕಷಾಯ ಕೊಡುವಾಗ ಕಾಳಮ್ಮ ವರಾಂಡದ ಆ ತುದಿಯಲ್ಲಿ ಕೂತಿದ್ದಳು. ಮೂವತ್ತು ವರ್ಷ ಲೈನಿನಲ್ಲಿದ್ದವಳು, ಎರವರ ಮಾತು ಚೆನ್ನಾಗಿ ಬಲ್ಲಳು. ನಾನು ಹೇಳಿದ್ದನ್ನು ಮಾರ ಅವರಿಗೆ ಸರಿಯಾಗಿ ಹೇಳಿದನೇ ಎಂದು ಕೇಳಿದೆ.

ಅವಳು ಕಷಾಯ ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು.

"ನಿಮ್ ಮಾತು ಅವ್ನು ಹೇಳ್ಲೇ ಇಲ್ಲ ಸಾಮಿ. ಇವ್ರ ಮಾತು ಕೇಳಿ ನನ್ನವ್ಳು ಅಡಗಿದ್ಲು, ನೀವು ನನ್ ಮಾತು ಕೇಳಿ, ಅಡಗ್ಬೇಡಿ ಅಂದ. ಅಷ್ಟೇ ಅಂದಿದ್ದು."

ಅವಳು ನನ್ನ ಮಡಿಲಲ್ಲಿದ್ದ ಡೈರಿಯನ್ನು ನೋಡಿದಳು.

"ಎಲ್ಲಾನೂ ಬರ್ಕೊಳ್ತೀರಲ್ಲ. ಇದ್ನೂ ಬರ್ಕೊಳ್ಳಿ."

ಬರೆದುಕೊಂಡಿದ್ದೇನೆ.